ಹದಿನೈದನೆಯ ಭೇಟಿ

ಮುಕುಂದ ಫೋನ್ ಹಿಡಿದುಕೊಂಡೇ ನದಿದಂಡೆಯ ಆಶ್ರಮಕ್ಕೆ ಓಡಿ ಬಂದ. ಗುರುಗಳು ಜಗಲಿಯಲ್ಲಿ ಕುಳಿತು ಚಾಪೆಯ ಹರಿದ ಅಂಚನ್ನು ಹೊಲಿಯುತ್ತಿದ್ದರು.

"ಗುರುಗಳೇ, ಹದಿನೈದನೆಯದು ಸಿಕ್ಕಿತು. ಕೆಲಸ ಉಳಿಯಿತು."

ಮುಕುಂದ ಒಂದು ಸಾಫ್ಟ್‌ವೇರ್ ಕಂಪನಿಗೆ ಹೊಸಬ. ಅಪರಿಚಿತರಿಗೆ ಫೋನ್ ಮಾಡಿ ಭೇಟಿಯ ಸಮಯ ಗೊತ್ತುಮಾಡುವುದಷ್ಟೇ ಅವನ ಕೆಲಸ. ಆ ಸಮಯಕ್ಕೆ ಫೋನಿನಲ್ಲಿ ಮಾತಾಡಿ ಮಾರುವವರು ಬೇರೆ.

"ಬಾಗಿಲು ತಟ್ಟುವವನು ನೀನು, ಒಳಗೆ ಹೋಗಿ ಕಾಫಿ ಕುಡಿಯುವವರು ಇನ್ಯಾರೋ" ಎಂದು ಗುರುಗಳು ಹಿಂದೊಮ್ಮೆ ನಕ್ಕಿದ್ದರು.

ತಿಂಗಳಿಗೆ ಹದಿನೈದು ಭೇಟಿ ಆಗಬೇಕು. ಆಗದಿದ್ದರೆ ಕೆಲಸವಿಲ್ಲ. ಹಿಂದೆ ಎರಡು ಕಡೆ ಅವನನ್ನು ತೆಗೆದುಹಾಕಿದ್ದರು. ಇಂದು ತಿಂಗಳ ಕೊನೆಯ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಭೇಟಿಗಳ ಪಟ್ಟಿ ಮುಚ್ಚುತ್ತದೆ.

"ಉಳಿದರೆ ಒಳ್ಳೆಯದೇ. ಮುಖವೇಕೆ ಹೀಗಿದೆ?"

ಅವನ ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಮುಕುಂದ ಹದಿನೈದನೆಯ ಭೇಟಿ ಸಿಕ್ಕ ಕರೆಯನ್ನು ಹಾಕಿ ಕೇಳಿಸಿದ.

ಹೆಂಗಸಿನ ದನಿ: "ಯಜಮಾನರು ತೀರಿಕೊಂಡರು. ಇವತ್ತಿಗೆ ಒಂಬತ್ತು ದಿನ."

ಅದರ ಬೆನ್ನಿಗೇ ಮುಕುಂದನ ದನಿ: "ಕೇಳಿ ಬೇಸರವಾಯಿತು, ಮೇಡಂ. ಇನ್ನು ಮುಂದೆ ಅವರ ಕಾರ್ಖಾನೆಯ ತೀರ್ಮಾನಗಳನ್ನು ಯಾರು ತೆಗೆದುಕೊಳ್ಳುತ್ತಾರೆ?"

ಆಕೆಯ ಹಿಂದೆ ದೂರದಿಂದ ಯಾರೋ ಕೇಳಿದರು: "ಅಕ್ಕಾ, ಊಟಕ್ಕೆ ಎಷ್ಟು ಎಲೆ ಹಾಕಲಿ?"

"ಆಗಲಿ" ಎಂದರು ಆಕೆ, ಯಾವ ಪ್ರಶ್ನೆಗೆಂದು ತಿಳಿಯದಂತೆ.

"ನಾಳೆ ಹನ್ನೊಂದಕ್ಕೆ ನಮ್ಮವರು ಫೋನ್ ಮಾಡಬಹುದೇ, ಮೇಡಂ?"

"ಆಗಲಿ."

ಮುಕುಂದ ತಲೆ ತಗ್ಗಿಸಿದ. "ಅದು ನನ್ನ ಮಾತಲ್ಲ, ಗುರುಗಳೇ. ಕಂಪನಿಯವರು ಬರೆದುಕೊಟ್ಟದ್ದು."

"ದನಿ?"

"ನನ್ನದೇ."

ಗುರುಗಳು ಸೂಜಿಯನ್ನು ಚಾಪೆಗೆ ಚುಚ್ಚಿಟ್ಟರು. ಕೆಳಗೆ, ಮೊಣಕಾಲುದ್ದದ ನೀರಿನಲ್ಲಿ ಒದ್ದೆ ಪಂಚೆಯ ಯುವಕನೊಬ್ಬ ತೀರಿಹೋದ ತಂದೆಗೆ ಎಳ್ಳುನೀರು ಬಿಡುತ್ತಿದ್ದ.

"ಹೋಗು. ನಾಳೆ ಹನ್ನೊಂದಕ್ಕೆ ಆ ಹುಡುಗನ ಸಮಯ ಕೇಳಿಕೊಂಡು ಬಾ."

ಮುಕುಂದ ಎರಡು ಮೆಟ್ಟಿಲು ಇಳಿದ. ನಿಂತ.

"ಕಾಲು ಏಳುತ್ತಿಲ್ಲ, ಗುರುಗಳೇ."

"ನಾಲಿಗೆ ಹೇಗೆ ಎದ್ದಿತು?"

ಹನ್ನೆರಡಕ್ಕೆ ಇನ್ನು ನಾಲ್ಕು ನಿಮಿಷ.

"ಈ ಭೇಟಿ ಅಳಿಸಿದರೆ ಕೆಲಸ ಹೋಗುತ್ತದೆ."

"ಹೋಗುತ್ತದೆ."

"ಅಳಿಸದಿದ್ದರೆ?"

"ನಾಳೆ ಹತ್ತನೆಯ ದಿನದ ಕರ್ಮ. ಹನ್ನೊಂದಕ್ಕೆ ಅವರ ಮನೆಯವರೆಲ್ಲ ಹೀಗೇ ನೀರಿನ ಹತ್ತಿರ ಇರುತ್ತಾರೆ. ದಂಡೆಯ ಮೇಲೆ ಫೋನ್ ಹೊಡೆದುಕೊಳ್ಳುತ್ತದೆ."

ಇನ್ನು ಎರಡು ನಿಮಿಷ.

"ಈಗಲೇ ಫೋನ್ ಮಾಡಿ ಅವರ ಕ್ಷಮೆ ಕೇಳಲೇ?"

"ಯಾರ ಸಮಾಧಾನಕ್ಕೆ?"

ಮುಕುಂದ ಫೋನಿನಲ್ಲಿದ್ದ ಪಟ್ಟಿಯಿಂದ ಆ ಭೇಟಿಯನ್ನು ಅಳಿಸಿದ. ಆಕೆಯ ಹೆಸರಿನ ಮುಂದೆ 'ಇನ್ನು ಕರೆ ಮಾಡಬಾರದು' ಎಂದು ಬರೆದ. ಹದಿನೈದು ಇದ್ದದ್ದು ಹದಿನಾಲ್ಕಾಯಿತು.

ಹನ್ನೆರಡಾಯಿತು. ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು.

"ಮ್ಯಾನೇಜರು" ಎಂದ ಮುಕುಂದ. "ಏನು ಹೇಳಲಿ, ಗುರುಗಳೇ? ಇದಕ್ಕೆ ಯಾರೂ ಏನೂ ಬರೆದುಕೊಟ್ಟಿಲ್ಲ."

ಗುರುಗಳು ಮತ್ತೆ ಸೂಜಿಯನ್ನು ಕೈಗೆತ್ತಿಕೊಂಡರು.

"ಎತ್ತು, ಮೊದಲು ಕೇಳಿಸಿಕೋ. ಆ ಕಡೆಯೂ ಯಾರದೋ ಒಂಬತ್ತನೇ ದಿನ ಇರಬಹುದು."