ಪಿನ್ನಿನ ಹಾರ

“ಗುರುಗಳೇ, ಹನ್ನೆರಡು ವರ್ಷ ಕಲಿತಿದ್ದೇನೆ. ಈ ವಿದ್ಯೆ ನನ್ನ ಮೈಮೇಲೆ ಒಡವೆಯಂತೆ ಹೊಳೆಯುವುದು ಯಾವಾಗ?”

ರೇವಯ್ಯನೆಂಬ ಶಿಷ್ಯ ಏದುಸಿರು ಬಿಡುತ್ತ ಬಂದು ಕೇಳಿದ. ಪ್ರಶ್ನೆ ಹೊಳೆದ ಸಡಗರ ಅವನಿಗೆ. ಜಗಲಿಯ ಮೇಲೆ ಒಬ್ಬಾಕೆ ಕಾಗದ ಚಾಚಿ, “ಇದನ್ನೊಂಚೂರು ಓದಿ ಹೇಳಪ್ಪಾ” ಎಂದಿದ್ದಳು. “ತಡೀರಿ ತಾಯಿ, ಆಮೇಲೆ” ಎಂದು ದಾಟಿ ಬಂದಿದ್ದ. ಗುರುಗಳಿಗೆ ಅದು ಒಳಗೇ ಕೇಳಿಸಿತ್ತು. ಅವರು ನಕ್ಕು ಕತೆ ಹೇಳಿದರು.

ಒಬ್ಬ ಅಕ್ಕಸಾಲಿಗನಿಗೆ ಒಬ್ಬಳು ಮಗಳು. ಒಂದು ಗಳಿಗೆಯೂ ಕೈ ಸುಮ್ಮನಿರದ ಹುಡುಗಿ. ಬಾಟಲಿಯ ಮುಚ್ಚಳ ಸಿಕ್ಕರೆ ಓಲೆ ಮಾಡುವಳು, ಹಳೆಯ ಬೀಗದ ಕೈ ಸಿಕ್ಕರೆ ಪದಕ ಮಾಡುವಳು. ಅಂಗಡಿಯಲ್ಲಿ ತಂದೆಯ ಪಕ್ಕ ಮಣೆ ಹಾಕಿ ಕೂತು ಕೆಲಸ ಮಾಡಬೇಕೆಂಬುದೊಂದೇ ಅವಳ ಆಸೆ. ತಂದೆ ಒಪ್ಪಲಿಲ್ಲ. “ನಿನ್ನ ಗುಜರಿಯನ್ನ ಯಾರಾದರೂ ನಾಕು ಜನರ ಮುಂದೆ ಒಡವೆ ಅಂತ ಹಾಕ್ಕೊಳ್ಳಲಿ, ಆಗ ಮಣೆ ಕೊಡ್ತೀನಿ” ಎಂದ.

ಗೆಳತಿಯ ಮದುವೆ ಬಂತು. “ನಾನು ಹಾಕ್ಕೋತೀನಿ ಕಣೇ!” ಎಂದಳು ಗೆಳತಿ. ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಗಸರು ಬಳೆಗೆ ಸಿಕ್ಕಿಸಿಕೊಳ್ಳುವ ಪಿನ್ನುಗಳನ್ನು ತಂದಳು. ಒಂದೊಂದಕ್ಕೂ ಸಾಸಿವೆಯಷ್ಟು ಕೆಂಪು ಮಣಿ ಪೋಣಿಸಿದಳು. ಒಂದರೊಳಗೊಂದು ಸಿಕ್ಕಿಸಿ ಹಾರ ಕಟ್ಟಿದಳು. ಅಬ್ಬಾ, ಮದುಮಗಳ ಕೊರಳಲ್ಲಿ ಅದು ಝಗ್ಗೆಂದಿತು! ತಂದೆ ಬಂದು ನೋಡುವುದೊಂದೇ ಬಾಕಿ.

ಅಷ್ಟರಲ್ಲಿ ಮದುಮಗನ ಅಜ್ಜಿಯ ರವಿಕೆಯ ಕೊಕ್ಕೆ ಕಿತ್ತುಹೋಯಿತು. ಮೊದಲ ಅಕ್ಷತೆ ಹಾಕಬೇಕಾದವಳು ಸೆರಗು ಹೊದ್ದು ಮೂಲೆ ಸೇರಿದಳು. “ಒಂದು ಪಿನ್ನು ಕೊಡ್ರೇ!” ಎಂದು ಕೂಗೆದ್ದಿತು. ಎಲ್ಲಿಯ ಪಿನ್ನು? ಮದುವೆಗೆಂದು ಚಿನ್ನದ ಬಳೆ ತೊಟ್ಟ ಹೆಂಗಸರೆಲ್ಲ ಪಿನ್ನನ್ನು ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದರು. ಎಲ್ಲರ ಕಣ್ಣೂ ಹಾರದ ಮೇಲೆ ಬಿತ್ತು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಒಂದು ಕಿತ್ತರೂ ಹಾರ ಹರಿಯುತ್ತದೆ. ತಂದೆ ಇನ್ನೂ ಬಂದಿಲ್ಲ. ಮೂಲೆಯಲ್ಲಿದ್ದ ಅಜ್ಜಿಯ ಮುಖ ನೋಡಿದಳು. ನೋಡಿದ ಮೇಲೆ ತಡೆಯಲಾಗಲಿಲ್ಲ, ತಾನೇ ಹೋಗಿ ಒಂದು ಪಿನ್ನು ಕಿತ್ತು ಕೊಟ್ಟಳು.

ಆಮೇಲೆ ಕೇಳಬೇಕೆ! ಒಬ್ಬಳ ನೆರಿಗೆ, ಒಬ್ಬನ ಶಲ್ಯ, ಯಾವುದೋ ಮಗುವಿನ ಚಡ್ಡಿ. ಕೈಯ ಮೇಲೆ ಕೈ ಬಂತು. ತಂದೆ ಬರುವ ಹೊತ್ತಿಗೆ ಹಾರವಿದ್ದ ಜಾಗ ಬರಿದಾಗಿತ್ತು.

“ಎಲ್ಲೇ ನಿನ್ನ ಒಡವೆ?” ಎಂದ. ಹುಡುಗಿಗೆ ಅಳು ಒತ್ತಿಕೊಂಡು ಬಂತು.

ಆಗಲೇ ಗಟ್ಟಿಮೇಳ ಮೊಳಗಿತು. ಅಕ್ಷತೆ ಹಾಕಲು ಛತ್ರದ ಜನವೆಲ್ಲ ಒಟ್ಟಿಗೆ ಎದ್ದರು. ಅಜ್ಜಿಯ ರವಿಕೆಯಲ್ಲಿ, ಹೆಗಲುಗಳ ಮೇಲೆ, ಸೊಂಟಗಳಲ್ಲಿ, ಎತ್ತ ನೋಡಿದರತ್ತ ಕೆಂಪು ಮಣಿ ಮಿನುಗಿತು! ಅಕ್ಕಸಾಲಿಗ ಅಕ್ಷತೆ ಹಾಕುವುದನ್ನೂ ಮರೆತು ನಿಂತ. ಮರುದಿನ ಅಂಗಡಿಯಲ್ಲಿ ಎರಡು ಮಣೆಗಳಿದ್ದವು.

ರೇವಯ್ಯನ ಕಣ್ಣು ಅರಳಿತ್ತು. “ಎಂಥ ಹಾರ ಗುರುಗಳೇ! ನನ್ನ ವಿದ್ಯೆಯೂ ಹಾಗೆ ಹೊಳೆಯುವುದು ಯಾವಾಗ?”

ಗುರುಗಳೆಂದರು: “ಜಗಲಿಯ ಮೇಲೆ ಆ ತಾಯಿ ಕಾಗದ ಹಿಡಿದು ಇನ್ನೂ ಕೂತಿದ್ದಾಳೆ ಕಣಪ್ಪಾ.”