ನಿನ್ನೆ ಬಿಟ್ಟ ಬೆಟ್ಟ

ಹಿಮಾಲಯದ ಕಡಿದಾದ ಇಳಿಜಾರೊಂದರ ಅಂಚಿನಲ್ಲಿ ಕಾಡುಮೇಕೆಗಳ ಹಿಂಡು ಹಸಿದು ನಿಂತಿತ್ತು. ಹುಲ್ಲು ಆಚೆ ಬದಿಯಲ್ಲಿತ್ತು. ಹಿಂಡಿನ ಮುದಿ ಮೇಕೆ ಮಂದಗಾಮಿನಿ ಗೊರಸಿನಿಂದ ಹಿಮವನ್ನು ಕುಟ್ಟಿ ನೋಡಿತು. ಒಳಗಿನಿಂದ ಟೊಳ್ಳು ಸದ್ದು ಬಂತು.

"ರಾತ್ರಿ ಗಾಳಿ ತಂದು ಪೇರಿಸಿದ ಹಿಮ ಕೆಳಗಿನದಕ್ಕೆ ಇನ್ನೂ ಅಂಟಿಲ್ಲ. ಬಂಡೆಗಳ ಮೇಲಿಂದ ಸುತ್ತಿ ಹೋಗೋಣ," ಎಂದಿತು.

"ನಿನ್ನೆ ನಾನು ಇಲ್ಲೇ ದಾಟಿದೆನಲ್ಲ, ಏನಾಯಿತು?" ಎಂದಿತು ಹರೆಯದ ಹೋತ ಉಗ್ರಶೃಂಗ.

"ನಿನ್ನೆ ಬೆಟ್ಟ ನಿನ್ನನ್ನು ಬಿಟ್ಟಿತು. ಅದನ್ನು ನಿನ್ನ ಜಾಣತನವೆಂದುಕೊಳ್ಳಬೇಡ."

ಹೋತ ಕೇಳದೆ ನಡೆಯಿತು. ಇಳಿಜಾರಿನ ನಡುವಿಗೆ ತಲುಪುವಷ್ಟರಲ್ಲಿ ಅದರ ಮೇಲ್ಗಡೆ ಹಿಮದ ಉದ್ದಕ್ಕೂ ಬಿರುಕು ಓಡಿತು. ಹೋತ ಅಲ್ಲೇ ನಿಂತು, "ಅಜ್ಜೀ, ಈಗ ಏನು ಮಾಡಲಿ?" ಎಂದು ಕೂಗಿತು.

"ಅದನ್ನು ಇಲ್ಲಿ ನಿಂತಿದ್ದಾಗ ಕೇಳಬೇಕಿತ್ತು, ಮಗೂ," ಎಂದು ಮಂದಗಾಮಿನಿ ಹೇಳುವುದರೊಳಗೆ ಇಡೀ ಇಳಿಜಾರಿನ ಹಿಮವೇ ಹೋತವನ್ನು ಹೊತ್ತು ಜಾರಿಹೋಗಿತ್ತು.