ದೀಪ ಉರಿದರೂ ತಿಳಿಯಾಗದ ಗಾಜು

“ಕೇಳಿರಪ್ಪಾ ಕೇಳಿ! ಕಾರು ಹಿಂದಕ್ಕೆ ಬಿಡುವಾಗ ಯುವರಾಜರನ್ನು ಅಡಿಗೆ ಹಾಕಿ ಕೊಂದ ಸಾರಥಿ ಬೋರಣ್ಣನಿಗೆ ನಾಳೆ ಗಲ್ಲು. ಹಿಂದಿನ ಗಾಜಿನ ಮಂಜು ಕರಗಿಸೋ ಸ್ವಿಚ್ಚು ಒತ್ತಿದ್ದೆ, ಗಾಜು ತಿಳಿಯಾಗಲಿಲ್ಲ ಅನ್ನುತ್ತಾನೆ. ಅವನ ಪರ ನಿಲ್ಲುವವರು ಮಹಾರಾಜರ ಒಗಟು ಬಿಡಿಸಲಿ. ಗೆದ್ದವರು ಕೇಳಿದ್ದು ಕೊಡ್ತಾರೆ, ಸೋತವರ ತಲೆ ತೆಗೀತಾರೆ!”

ಸದಾ ಮಂಜು ಮುಸುಕಿದ ಮಬ್ಬುಗಿರಿಯಲ್ಲಿ ಹೀಗೆ ಡಂಗುರ ಸಾರಿದರು. ಅರ್ಧ ರಾಜ್ಯದ ಆಸೆಗೆ ಪಾಳೆಯಗಾರನ ಮಗ ಮೀಸೆ ತಿರುವಿಕೊಂಡು ಬಂದ.

“ಎಳೆಗೂಸು ಮುಟ್ಟಿದರೆ ಎದ್ದು, ಆನೆ ನುಗ್ಗುವ ಬಾಗಿಲು ತೆಗೆಯುವ ಆಳು ಯಾರು?” ಎಂದರು ರಾಜರು.

“ದಿವಾನರು!”

ಅವನ ತಲೆ ಹೋಯಿತು. ಆಸ್ಥಾನ ಪಂಡಿತರಿಗೆ ಇನ್ನೊಂದು ಕೇಳಿದರು: “ಜ್ವಾಲೆಯಿಲ್ಲ, ಹೊಗೆಯಿಲ್ಲ, ನೀರನ್ನು ಓಡಿಸಿ ತಾನೇ ಆರುವ ಬೆಂಕಿ ಯಾವುದು?”

“ಹೊಟ್ಟೆಕಿಚ್ಚು” ಎಂದರು ಪಂಡಿತರು. ಅದು ಆರುವುದುಂಟೇ! ಅವರದೂ ಮುಗಿಯಿತು.

ಆಮೇಲೆ ಮುಂದೆ ಬಂದವಳು ಬೋರಣ್ಣನ ಮಗಳು ದೇವೀರಿ. ನೆತ್ತರು ಒರೆಸದ ನೆಲವನ್ನು ಬಳಸಿ ಬಂದು ನಿಂತಳು. ಅಪ್ಪ ಊಟಕ್ಕೆ ಕೂತಾಗೆಲ್ಲ ಆಡುತ್ತಿದ್ದ ಕಾರಿನ ಮಾತು ನೆನೆದು ಬಾಯಿ ಬಿಟ್ಟಳು.

“ಆ ಆಳು ಅಂದ್ರೆ ಕಾರಿನೊಳಗಿನ ರಿಲೇ ಡಬ್ಬಿ, ಬುದ್ಧಿ. ಸ್ವಿಚ್ಚಿಂದ ಬರೋ ಚೂರು ಕರೆಂಟು ಅದರೊಳಗಿನ ತಂತಿ ಸುರುಳೀನ ಅಯಸ್ಕಾಂತ ಮಾಡ್ತದೆ. ಅದು ಕಬ್ಬಿಣದ ನಾಲಿಗೇನ ಎಳಕೊಂಡಾಗ ಎರಡು ತುದಿ ಕೂಡ್ತವೆ, ಬ್ಯಾಟರಿ ದೊಡ್ಡ ಕರೆಂಟು ಗಾಜಿಗೆ ಹರೀತದೆ. ಬೆಂಕಿ ಅಂದ್ರೆ ಗಾಜಿನ ಮೇಲಿನ ತಂತಿ ಗೆರೆಗಳು. ಬಿಸಿಯಾಗಿ ಮಂಜು ಓಡಿಸ್ತವೆ. ಬ್ಯಾಟರಿ ಬರಿದಾಗದಂಗೆ ರಿಲೇನೇ ಸ್ವಲ್ಪ ಹೊತ್ತಿಗೆ ನಿಲ್ಲಿಸ್ತದೆ.”

ರಾಜರು ಸಿಂಹಾಸನದಿಂದ ಇಳಿದು ಬಂದರು. “ಮೂರನೆಯದಕ್ಕೆ ನನಗೇ ಉತ್ತರ ಗೊತ್ತಿಲ್ಲ. ಅವತ್ತು ಸ್ವಿಚ್ಚಿನ ದೀಪ ಉರಿಯುತ್ತಿತ್ತು, ನಾನೇ ನೋಡಿದೆ. ಗಾಜು ಮಾತ್ರ ಕುರುಡು. ಸುಳ್ಳಾಡಿದ್ದು ಯಾರು?”

“ದೀಪ, ಬುದ್ಧಿ. ಸ್ವಿಚ್ಚು ಒತ್ತಿದ್ದಷ್ಟೇ ಅದಕ್ಕೆ ಗೊತ್ತು, ಗಾಜು ಬಿಸಿಯಾಯ್ತೋ ಇಲ್ವೋ ಗೊತ್ತಿಲ್ಲ. ರಿಲೇ ಬಿಚ್ಚಿಸಿ ನೋಡಿ.”

ಬಿಚ್ಚಿ ತಂದರು. ಕೂಡಬೇಕಾದ ತುದಿಗಳು ಸುಟ್ಟು ಕರಿಕಲಾಗಿದ್ದವು.

ದೇವೀರಿ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಇದು ಒಂದ್ಸಲ ಹಿಡೀತದೆ, ಒಂದ್ಸಲ ಹಿಡಿಯಲ್ಲ, ಬದಲಿಸೋಗಂಟ ಕಾರು ಬ್ಯಾಡ ಅಂತ ಅಪ್ಪ ಹೇಳಿತ್ತು. ಬೇಟೆ ಮುಗೀಲಿ ಅಂದೋರು ತಾವು!”

ರಾಜರು ಸುಟ್ಟ ರಿಲೇಯನ್ನು ಕೈಗೆತ್ತಿಕೊಂಡು, “ಏನು ಬೇಕು ಕೇಳು” ಎಂದರು.

“ನಮ್ಮಪ್ಪ.”

ಬೋರಣ್ಣನನ್ನು ಕರೆತಂದರು. ರಾಜರು ತಾವೇ ಅವನ ಕೈಯ ಹಗ್ಗ ಬಿಚ್ಚಿದರು. “ರಿಲೇ ಬದಲಿಸುವುದು ಆಮೇಲೆ ಎಂದು ನಾನೇ ಹೇಳಿದ್ದನ್ನು ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲವೋ?”

ಬೋರಣ್ಣ ತಲೆ ಎತ್ತಲಿಲ್ಲ.

“ಮಗನ್ನ ಮಣ್ಣು ಮಾಡಿ ಬಂದಿದ್ರಿ ಬುದ್ಧಿ. ಅದನ್ನ ಹೆಂಗೆ ಹೇಳ್ಲಿ?”